ಬೆಂಕಿಯ ಜಾಗ ನೋಡುವ ಫಕೀರಬಿ

ಲಕ್ಷ್ಮೇಶ್ವರದಲ್ಲಿ ಆಗ ಯಾರ ಮನೆಯಲ್ಲಿ ಬಸುರಿ ಹೆಣ್ಣುಮಗಳಿಗೆ ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದರೂ ಮೊದಲು ಖಬರು ಹೋಗುತ್ತಿದ್ದದ್ದು ಫಕೀರಬಿಗೆ. ಹೆರಿಗೆ ಮಾಡಿಸುವವರು ಬೇರೆ ಇದ್ದರು, ಅದು ಅವಳ ಕೆಲಸವಲ್ಲ. ಅವಳ ಕೆಲಸ ಬೆಂಕಿಯ ಜಾಗ ನೋಡುವುದು. ನಗಬೇಡಿ. ಬಾಣಂತಿ ಮಲಗುವ ಹಗ್ಗದ ಹೊರಸು ಯಾವ ಗೋಡೆಗೆ ಹಾಕಬೇಕು, ಅದರ ಕೆಳಗೆ ಕೆಂಡದ ಶೇಗಡಿಯನ್ನು ಸೊಂಟದ ನೇರಕ್ಕೆ ಇಡಬೇಕೋ ಕಾಲಿನ ನೇರಕ್ಕೋ, ಒಂದು ಸಾಕೋ ಎರಡು ಬೇಕೋ, ಎರಡಾದರೆ ಇನ್ನೊಂದಕ್ಕೆ ಯಾವ ಮೂಲೆ, ಇಷ್ಟನ್ನು ಹೇಳುವುದಕ್ಕೂ ಒಬ್ಬ ಹೆಂಗಸು ಬೇಕೇ ಎಂದು ಕೇಳುವ ಗಂಡಸರು ಮಾರ್ಗಶಿರದ ಚಳಿಯಲ್ಲಿ ಹಸಿ ಮೈಯಿಟ್ಟುಕೊಂಡು ಒಂದು ದಿನ ಮಲಗಿ ನೋಡಲಿ, ಆಮೇಲೆ ಮಾತಾಡೋಣ.

ಅವಳ ಗಂಡ ಮರ್ದಾನಸಾಬ ಪೇಟೆಯಲ್ಲಿ ತಗಡಿನ ಕೆಲಸದವನು. ಖಾಲಿ ಎಣ್ಣೆ ಡಬ್ಬಿ ಕತ್ತರಿಸಿ, ಒಳಗೆ ಮಣ್ಣು ಮೆತ್ತಿ, ಶೇಗಡಿ ಮಾಡಿ ಮಾರುತ್ತಿದ್ದ. ಗಂಡ ಶೇಗಡಿ ಮಾಡುತ್ತಾನೆ, ಹೆಂಡತಿ ಅದಕ್ಕೊಂದು ಗದ್ದುಗೆ ಹುಡುಕುತ್ತಾಳೆ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಫಕೀರಬಿ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವಳಿಗೆ ತನ್ನ ಕೆಲಸದ ಮೇಲೆ ಭಾರೀ ಗರ್ವವಿತ್ತು, ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರಿಂದಲೇ ಆದದ್ದು.

ಅವಳು ಜಾಗ ನೋಡುವ ರೀತಿ ಹೀಗಿತ್ತು. ಮಧ್ಯಾಹ್ನ ಬಂದು, ಕೋಣೆಯಿಂದ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ನಟ್ಟನಡುವೆ ಒಂದು ಊದಿನಕಡ್ಡಿ ಹಚ್ಚಿ ಕುಕ್ಕರಗಾಲಲ್ಲಿ ಕೂಡುತ್ತಿದ್ದಳು. ಹೊಗೆ ನೆಟ್ಟಗೆ ಏರಿದರೆ ಸರಿ. ಒಂದು ಕಡೆ ಬಾಗಿತೆಂದರೆ ಎದುರು ಕಡೆಯಿಂದ ಗಾಳಿ ಒಳಗೆ ಬರುತ್ತಿದೆ ಎಂದು ಅರ್ಥ. ಅಲ್ಲಿನ ಸಂದಿ ಹುಡುಕಿ ಅರಿವೆ ತುರುಕಿ ಮುಚ್ಚುವಳು, ಬಾಗಿಲಿಗೆ ಕಂಬಳಿ ಕಟ್ಟಿಸುವಳು. ಬಾಣಂತಿಗೆ ಗಾಳಿ ಬಡಿದರೆ ಸನ್ನಿ ಹಿಡಿಯುತ್ತದೆ, ಸನ್ನಿ ಹಿಡಿದರೆ ಉಳಿಯುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ಅವಳ ಅವ್ವನಿಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಹಳೆಯ ಮನೆಗಳ ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇದ್ದೇ ಇರುತ್ತಿತ್ತು. ಅದನ್ನು ಮುಚ್ಚುವುದು ಯಾರ ಕೈಲೂ ಆಗುತ್ತಿರಲಿಲ್ಲ. ಕೆಂಡದ ಕೆಟ್ಟದ್ದೆಲ್ಲ ಅದರ ಮೂಲಕ ತಾನೇ ಮೇಲೆ ಹೋಗುತ್ತಿತ್ತು. ಬಾಣಂತಿಯರನ್ನು ಬದುಕಿಸುತ್ತಿದ್ದದ್ದು ಆ ಬೆಳಕಿಂಡಿ ಎಂದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ.

ಎಪ್ಪತ್ನಾಲ್ಕನೆಯ ಇಸವಿಯ ಚಳಿಗಾಲದಲ್ಲಿ ಕಾಳಿನ ವ್ಯಾಪಾರದ ಗೋಣೆಪ್ಪ ಅವಳನ್ನು ಕರೆಸಿದ. ಓಣಿಯಲ್ಲಿ ಮೊದಲ ಸಿಮೆಂಟ್ ಸ್ಲ್ಯಾಬಿನ ಮನೆ ಅವನದು. ಹೆಂಡತಿ ಅಮೃತವ್ವನಿಗೆ ತವರಿನಲ್ಲಿ ತಾಯಿ ಇರಲಿಲ್ಲವಾಗಿ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ ನಡೆಯಬೇಕಿತ್ತು. ನೋಡಿಕೊಳ್ಳಲು ಹುಚ್ಚವ್ವ ಇದ್ದಳು. ಗೋಣೆಪ್ಪನ ತೀರಿಹೋದ ಅಣ್ಣನ ಹೆಂಡತಿ ಅವಳು, ಮಕ್ಕಳಿಲ್ಲದವಳು. ಮಾತು ಕಡಿಮೆ, ಕೈ ಚುರುಕು. ಅಮೃತವ್ವ ಬಾಯಿ ತುಂಬ ಅಕ್ಕಾ ಅಕ್ಕಾ ಎನ್ನುತ್ತ ಅವಳ ಸೆರಗು ಹಿಡಿದುಕೊಂಡೇ ತಿರುಗುತ್ತಿದ್ದಳು.

ಆ ಕೋಣೆ ನೋಡಿ ಫಕೀರಬಿ ಖುಷಿಯಾದಳು. ಸಿಮೆಂಟಿನ ಗೋಡೆ, ಗಾಜಿನ ಕಿಟಕಿ, ಎಲ್ಲೂ ಒಂದು ಬಿರುಕಿಲ್ಲ. ಊದಿನಕಡ್ಡಿಯ ಹೊಗೆ ನೆಟ್ಟಗೆ ಏರಿ ಮೇಲೆ ಗೋಡೆಯ ಸಣ್ಣ ಗವಾಕ್ಷಿಯ ಕಡೆಗೆ ಹೋಯಿತು. ಇದೊಂದೇ ಕಳ್ಳದಾರಿ ಎಂದುಕೊಂಡು ಅವಳು ಹಳೆಯ ಸೀರೆ ತರಿಸಿ, ಸ್ಟೂಲಿನ ಮೇಲೆ ಹತ್ತಿ, ತನ್ನ ಕೈಯಾರೆ ತುರುಕಿದಳು. ಸಿಮೆಂಟು ತಂಪು ಎಂದು ಒಂದರ ಬದಲು ಎರಡು ಶೇಗಡಿ ಹೇಳಿದಳು, ಒಂದು ಹೊರಸಿನ ಕೆಳಗೆ, ಒಂದು ತಲೆದೆಸೆಯ ಮೂಲೆಗೆ. ಇಂಥ ಬಿಗಿಯಾದ ಕೋಣೆಯನ್ನು ತಾನು ನೋಡಿಯೇ ಇಲ್ಲ ಎಂದು ಗೋಣೆಪ್ಪನ ಮುಂದೆ ಹೊಗಳಿ, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಬಂದಳು.

ಹೆಣ್ಣು ಕೂಸು ಹುಟ್ಟಿತು. ಆ ಮನೆಯಲ್ಲಿ ನೀರೆರೆಯುವ ಕೆಲಸವೂ ಫಕೀರಬಿಗೇ ಬಂತು. ಒಂಬತ್ತನೆಯ ದಿನ ಬೆಳಿಗ್ಗೆ ತಾಯಿಗೂ ಕೂಸಿಗೂ ನೀರೆರೆದು, ಹೊರಸಿನ ಮೇಲೆ ಮಲಗಿಸಿ, ಚಳಿ ಹೆಚ್ಚಾಗಿದೆಯೆಂದು ಎರಡೂ ಶೇಗಡಿಗೆ ಎಂದಿಗಿಂತ ಹೆಚ್ಚು ಕೆಂಡ ತುಂಬಿ ಹೊರಬಿದ್ದಳು. ಹೊರಗೆ ಬಿಸಿಲಿದ್ದರೂ ಗಾಳಿ ಕೊರೆಯುತ್ತಿತ್ತು. ಅಂಗಳದಲ್ಲಿ ಚಪ್ಪಲಿ ಮೆಟ್ಟುವಾಗ ತಿರುಗಿ ನೋಡುತ್ತಾಳೆ, ಹುಚ್ಚವ್ವ ಬಾಣಂತಿ ಕೋಣೆಯ ಬಾಗಿಲನ್ನು ಪೂರ್ತಿ ತೆರೆದು ನಿಂತಿದ್ದಾಳೆ. ಅಮೃತವ್ವನಿಗೆ ತಲೆ ಸಿಡಿಯುತ್ತಿದೆಯಂತೆ, ಎದೆ ಬಿಗಿಯುತ್ತಿದೆಯಂತೆ, ಬಾಗಿಲು ಸ್ವಲ್ಪ ತೆಗೆ ಅಕ್ಕಾ ಅಂದಳು ಎಂದು ಹುಚ್ಚವ್ವ ಹೇಳಿದಳು. ಫಕೀರಬಿಯ ಪಿತ್ತ ನೆತ್ತಿಗೇರಿತು.

"ಖಬರ ಐತೇನ ನಿನಗ? ಹಡದು ಒಂಬತ್ತ ದಿನ ಆಗೇತಿ, ಗಾಳಿ ಬಡದು ಸನ್ನಿ ಹತ್ತಿತಂದ್ರ ಯಾರ ಕೊರಳಿಗೆ ಬರ್ತೈತಿ? ಮುಚ್ಚು ಮೊದಲ ಬಾಗಲಾ."

ನಾಲ್ಕು ಮನೆಗೆ ಕೇಳುವ ಹಾಗೆ ಬೈದಳು. ಕೂಸು ಚೀರುತ್ತಿತ್ತು, ಹುಚ್ಚವ್ವ ಅದನ್ನೊಂದು ಕೌದಿಯಲ್ಲಿ ಸುತ್ತಿ ಎತ್ತಿಕೊಂಡು ಹೊರಗೆ ಬಂದು ಬಾಗಿಲು ಮುಚ್ಚಿದಳು. ಬಿಸಿಲಿನಲ್ಲಿ ಗೋಡೆಯ ಮರೆಗೆ ಕೂತು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಊಟದ ಹೊತ್ತಿಗೆ ತಾಟು ಹಿಡಿದು ಒಳಗೆ ಹೋದಾಗ ಅಮೃತವ್ವ ನಿದ್ದೆ ಮಾಡುವವಳಂತೆ ಮಲಗಿದ್ದಳು. ಮುಖ ಕೆಂಪಗೆ, ಕೆನ್ನೆ ಕೆಂಪಗೆ, ಯಾವ ರೋಗವೂ ಇಲ್ಲದವಳ ಮುಖ. ಜೀವ ಹೋಗಿ ಎಷ್ಟು ಹೊತ್ತಾಗಿತ್ತೋ.

ಯಾರು ಬಾಗಿಲು ತೆಗೆದದ್ದು ಎಂಬ ಪ್ರಶ್ನೆಗೆ ಊರು ಹುಡುಕಾಡಬೇಕಾಗಲಿಲ್ಲ. ಬೆಳಿಗ್ಗೆ ಫಕೀರಬಿ ಬೈದದ್ದನ್ನು ಓಣಿಯೆಲ್ಲ ಕೇಳಿತ್ತು, ಆ ಬೈಗಳೇ ಸಾಕ್ಷಿಯಾಯಿತು. ಮಕ್ಕಳಿಲ್ಲದ ರಂಡೆ ಹೊಟ್ಟೆಕಿಚ್ಚಿಗೆ ಗಾಳಿ ಬಿಟ್ಟಳು ಎಂದರು. ಇಂಥ ಮಾತು ಹುಟ್ಟಿಸಲು ನಮ್ಮ ಜನಕ್ಕೆ ಒಂದು ತಾಸೂ ಬೇಡ. ಗೋಣೆಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಕೂಸನ್ನು ಅತ್ತಿಗೆಯ ಕೈಯಿಂದ ತೆಗೆದುಕೊಂಡು, ಗಂಟು ಕಟ್ಟಿಕೋ ಎಂದ. ಹುಚ್ಚವ್ವ ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಗೆ, ತಮ್ಮ ಕಳಕಪ್ಪನ ಮನೆಗೆ ಹೋದಳು. ಫಕೀರಬಿ ಅಲ್ಲೇ ನಿಂತಿದ್ದಳು. ಆ ದಿನ ಅವಳೂ ಗಾಳಿಯೇ ಕೊಂದಿತೆಂದು ನಂಬಿದ್ದಳು, ಈ ಒಂದು ಮಾತು ಅವಳ ಪರವಾಗಿ ಹೇಳಲೇಬೇಕು.

ನಂಬಿಕೆ ಎಂಟೇ ತಿಂಗಳು ಉಳಿಯಿತು. ಮರುವರ್ಷ ಶ್ರಾವಣದಲ್ಲಿ ಜಡಿಮಳೆ ಹಿಡಿದಿತ್ತು. ಮರ್ದಾನಸಾಬ ಇರಚಲು ತಡೆಯಲು ಅಂಗಡಿಯ ಹಲಗೆಗಳನ್ನೆಲ್ಲ ಹಾಕಿಕೊಂಡು, ಹೊಸ ಶೇಗಡಿಗೆ ಕೆಂಡ ತುಂಬಿ, ಮೈ ಕಾಸುತ್ತ ಕೂತಿದ್ದ. ಫಕೀರಬಿ ರೊಟ್ಟಿ ತಂದು ಹಲಗೆ ಸರಿಸಿದರೆ ಗಂಡ ಗೋಡೆಗೆ ಒರಗಿ ವಾಲಿದ್ದಾನೆ. ಮುಖ ಕೆಂಪಗೆ. ಅದೇ ಕೆಂಪು. ಅವಳು ರಟ್ಟೆ ಹಿಡಿದು ಮಳೆಗೆ ಎಳೆದು ಹಾಕಿದಳು. ಅವನು ವಾಂತಿ ಮಾಡಿಕೊಂಡು, ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು ಹೇಳಿದ:

"ತಲಿ ಸಿಡ್ಯಾಕ ಹತ್ತಿತ್ತು. ಎದಿ ಬಿಗೀತು. ಎದ್ದು ಬಾಗಲಾ ತಗೀಬೇಕಂದ್ರ ಕಾಲ ಏಳಲಿಲ್ಲ."

ಫಕೀರಬಿ ಮಳೆಯಲ್ಲಿ ನಿಂತೇ ಇದ್ದಳು. ಅವಳಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಗಾಳಿ ಬಂದು ಕೊಂದದ್ದಲ್ಲ, ಗಾಳಿ ಇಲ್ಲದೆ ಸತ್ತದ್ದು. ಶೇಗಡಿ ಇಟ್ಟವಳು ತಾನು, ಗವಾಕ್ಷಿ ಮುಚ್ಚಿದವಳು ತಾನು. ಬಾಗಿಲು ತೆಗೆದ ಹುಚ್ಚವ್ವ ಒಬ್ಬಳೇ ಸರಿಯಾದ ಕೆಲಸ ಮಾಡಿದ್ದಳು, ಅದನ್ನೂ ಕೆಡಿಸಿದವಳು ತಾನೇ. ಆ ದಿನ ಗಂಡನಿಗೆ ಎಲ್ಲವನ್ನೂ ಹೇಳಿದಳು. ಸತ್ತವಳು ತಿರುಗಿ ಬರುವುದಿಲ್ಲ, ಬಾಯಿ ಬಿಟ್ಟರೆ ನಾವು ಊರು ಬಿಡಬೇಕಾಗುತ್ತದೆ, ಸುಮ್ಮನಿರು ಎಂದ ಅವನು. ಸುಮ್ಮನಿದ್ದಳು. ಗಂಡ ಹೇಳಿದನೆಂದು ಸುಮ್ಮನಿದ್ದಳು ಎಂದರೆ ಸುಳ್ಳಾಗುತ್ತದೆ. ಅವಳಿಗೆ ಅಂಜಿಕೆಯಿತ್ತು, ಅವನ ಮಾತು ಒಂದು ನೆಪವಾಯಿತು.

ಅಲ್ಲಿಂದ ಅವಳ ಕೆಲಸ ತಿರುವುಮುರುವಾಯಿತು. ಊದಿನಕಡ್ಡಿ ಹಚ್ಚುವುದು ಈಗ ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ನೋಡಲಿಕ್ಕೆ. ಆ ದಾರಿ ತೆರೆದಿರಬೇಕು, ಬೆಂಕಿ ಅದರ ಕೆಳಗೇ ಇರಬೇಕು, ಬಾಣಂತಿ ಅದರಿಂದ ಎರಡು ಮಾರು ಈಚೆ. ಹೊರಸಿನ ಕೆಳಗೆ ಕೆಂಡ ಬೇಡವೇ ಬೇಡ. ಮುದುಕಿಯರು ಹುಯಿಲೆಬ್ಬಿಸಿದರು. ಬಾಣಂತಿಗೆ ಗಾಳಿ ಬಿಡು ಅನ್ನುತ್ತಾಳೆ, ಇವಳಿಗೆ ತಲೆ ಕೆಟ್ಟಿದೆ ಎಂದರು. ಆಗ ಅವಳು ಒಂದು ಸುಳ್ಳು ಹೂಡಿದಳು. ದರ್ಗಾದ ಅಜ್ಜ ಕನಸಿನಲ್ಲಿ ಬಂದು ಹೀಗೆಯೇ ಮಾಡು ಅಂದ ಎಂದಳು. ಖರೆ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ, ಕನಸು ಎಂದ ಕೂಡಲೇ ಜನ ಕೈ ಮುಗಿದು ಕಿಟಕಿ ತೆರೆದರು. ಆಮೇಲಿನ ಹತ್ತು ವರ್ಷದಲ್ಲಿ ಅವಳು ಬೆಂಕಿ ಇಟ್ಟ ಒಂದು ಕೋಣೆಯಲ್ಲೂ ಸಾವಾಗಲಿಲ್ಲ. ಶಿರಹಟ್ಟಿ, ಲಕ್ಕುಂಡಿ, ಗದಗ ಬೆಟಗೇರಿಯಿಂದಲೂ ಕರೆ ಬಂದವು.

ಹೆಸರು ಬೆಳೆದ ಹಾಗೆ ಅಮೃತವ್ವನೂ ಜೊತೆಗೆ ಬಂದಳು. ಯಾವ ಊರಿನ ಯಾವ ಕೋಣೆಯಾದರೂ ಸರಿ, ಬಾಗಿಲು ಹಾಕಿ ಊದಿನಕಡ್ಡಿ ಹಚ್ಚಿ ಕೂತ ಕೂಡಲೇ ಬೆನ್ನ ಹಿಂದೆ ಖಾಲಿ ಹೊರಸಿನ ಹಗ್ಗ ಜಗ್ಗಿದ ಸಪ್ಪಳ. ಯಾರೋ ಎದ್ದು ಕೂತ ಹಾಗೆ. ಉಸಿರು ಎಳೆದ ಸಪ್ಪಳ, ಬಿಟ್ಟ ಸಪ್ಪಳ ಇಲ್ಲ. ಆಮೇಲೆ ಮೆಲ್ಲಗೆ ಒಂದು ಮಾತು: "ಅಕ್ಕಾ, ಬಾಗಲಾ ಒಂದೀಟ ತಗಿ." ಹಟ್ಟಹಗಲು, ಹೊರಗೆ ಜನ ಮಾತಾಡುತ್ತಿರುತ್ತಿದ್ದರು. ಫಕೀರಬಿ ತಿರುಗಿ ನೋಡಿದ್ದಿಲ್ಲ. ನೋಡಿದರೆ ಆ ಕೆಂಪು ಮುಖ ಕಾಣುತ್ತದೆಂದು ಅವಳಿಗೆ ಖಾತ್ರಿಯಿತ್ತು. ಒಂದು ತಾಯತ ಕಟ್ಟಿಸಿಕೊಂಡಳು. ಮಾತು ನಿಲ್ಲಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಹಿಂಡುತ್ತಿದ್ದದ್ದು ಬೇರೆ. ಗೋಣೆಪ್ಪನ ಓಣಿ ತಪ್ಪಿಸಿ ಸುತ್ತು ಬಳಸಿ ಓಡಾಡುತ್ತಿದ್ದವಳು ಒಮ್ಮೆ ಅನಿವಾರ್ಯವಾಗಿ ಆ ಮನೆಯ ಮುಂದೆ ಹಾಯ್ದಳು. ಕೂಸಿಗೆ ಉಡಚವ್ವ ಎಂದು ಹೆಸರಿಟ್ಟಿದ್ದರು, ಆಗ ಅದಕ್ಕೆ ನಾಲ್ಕೈದು ವರ್ಷ. ಉಣ್ಣಲೊಲ್ಲೆ ಎಂದು ಹಟ ಮಾಡುತ್ತಿತ್ತು. ಉಣಿಸುತ್ತಿದ್ದ ನೆರೆಮನೆಯವಳು ಕಣ್ಣಗಲಿಸಿ ಹೇಳಿದಳು: "ಉಣ್ಣು, ಇಲ್ಲಾಂದ್ರ ದೊಡ್ಡವ್ವ ಬಂದು ಬಾಗಲಾ ತಗೀತಾಳ ನೋಡು." ಕೂಸು ಬಾಯಿ ತೆರೆಯಿತು, ಗುಟುಕು ನುಂಗಿತು, ಬಾಗಿಲ ಕಡೆ ನೋಡಿ ಅಳತೊಡಗಿತು. ತನ್ನನ್ನು ಹೊರಗೆ ಎತ್ತಿ ತಂದು ಬದುಕಿಸಿದವಳಿಗೇ ಆ ಕೂಸು ಹೆದರುತ್ತಿತ್ತು. ಫಕೀರಬಿ ಅಂದು ಮನೆಗೆ ಬಂದು ಉಣ್ಣಲಿಲ್ಲ. ಹೇಳಬೇಕು, ಹುಚ್ಚವ್ವನ ಹೆಸರಿಗೆ ಹತ್ತಿದ ಮಸಿ ಒರೆಸಬೇಕು, ಅದು ತನ್ನ ಒಬ್ಬಳ ಕೈಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡಳು. ಎಷ್ಟೋ ನಾಳೆಗಳು ಹೋದವು.

ಎಂಬತ್ತೈದರ ಚಳಿಗಾಲದಲ್ಲಿ ಕೊರ್ಲಹಳ್ಳಿಯಿಂದ ಕಳಕಪ್ಪ ತಾನೇ ಹುಡುಕಿಕೊಂಡು ಬಂದ. ಸೊಸೆ ಹಡೆದು ನಾಲ್ಕು ದಿನವಾಗಿದೆ, ಹೊಳೆಯ ಗಾಳಿ ಬಲು ಕೆಟ್ಟದ್ದು, ಬೆಂಕಿಯ ಜಾಗ ನೋಡಿಕೊಡಬೇಕು ಎಂದ. ಫಕೀರಬಿ ಮೊಣಕಾಲು ನೋವು ಎಂದಳು, ಗಂಡನಿಗೆ ಜ್ವರ ಎಂದಳು. ಅವನು ಬಾಗಿಲು ಬಿಟ್ಟು ಏಳಲಿಲ್ಲ. ಕೋಣೆ ಎಂಥದ್ದು ಎಂದು ಕೇಳಿದಳು. ಹೋದ ವರ್ಷ ಕಟ್ಟಿಸಿದ್ದು, ಮೇಲೆ ಸ್ಲ್ಯಾಬು, ಬಿಗಿಯಾಗಿದೆ ಎಂದು ಅವನು ಹೆಮ್ಮೆಯಿಂದ ಹೇಳಿದ. ಅವಳು ಎದ್ದು ಸೆರಗು ಹೊದ್ದುಕೊಂಡಳು. ಶಿರಹಟ್ಟಿಯ ಮೇಲೆ ಮುಂಡರಗಿ, ಅಲ್ಲಿಂದ ಇನ್ನೊಂದು ಬಸ್ಸು.

ಅಂಗಳಕ್ಕೆ ಕಾಲಿಟ್ಟಾಗ ಹುಚ್ಚವ್ವ ದನದ ಕೊಟ್ಟಿಗೆಯ ಬಾಯಲ್ಲಿ ಕೂತು ದನಕ್ಕೆ ಹಾಕುವ ಜೋಳದ ಕಣಿಕೆ ಸೀಳುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮನೆಯಲ್ಲಿ ಬಾಣಂತಿ ಇದ್ದಾಳೆಂದು ಅವಳೇ ಹಾಸಿಗೆ ಎತ್ತಿಕೊಂಡು ಕೊಟ್ಟಿಗೆಗೆ ಬಂದಿದ್ದಳಂತೆ. ಆ ಕೋಣೆಯ ಹೊಸ್ತಿಲ ಹತ್ತಿರವೂ ಹೋಗುವುದಿಲ್ಲವಂತೆ. ಅವಳು ಮುಖವೆತ್ತಿ ಫಕೀರಬಿಯನ್ನು ನೋಡಿದಳು. ಸಿಟ್ಟಿರಲಿಲ್ಲ.

"ಬಂದ್ಯಾ ಫಕೀರಬಿ. ಛಲೋ ಮಾಡಿ ಮುಚ್ಚವಾ ಕೋಣಿ. ಈ ಹುಡುಗಿಗೆ ಗಾಳಿ ಬಡೀಬಾರದು."

ಊರು ಹೊರಿಸಿದ್ದನ್ನು ಈಕೆ ತಲೆಯ ಮೇಲೆ ಹೊತ್ತಿದ್ದಾಳೆ ಎಂದಷ್ಟೇ ಫಕೀರಬಿ ಅಂದುಕೊಂಡಿದ್ದಳು. ಈಕೆ ಅದನ್ನು ನಂಬಿಯೇ ಬಿಟ್ಟಿದ್ದಾಳೆ ಎಂದು ಈಗ ತಿಳಿಯಿತು.

ಒಳಗೆ ಕೋಣೆ ಕತ್ತಲು. ಕಿಟಕಿಗೆ ಹೊರಗಿನಿಂದ ಹಲಗೆ ಬಡಿದಿದ್ದರು, ಹೊರಸಿನ ಕೆಳಗೆ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಬಾಣಂತಿ ಹುಡುಗಿ ಹಣೆ ಒತ್ತಿಕೊಂಡು ಮಲಗಿದ್ದಳು. ತಲೆ ಭಾರವೇನು ಎಂದು ಕೇಳಿದರೆ ಹೌದು ಅಂದಳು. ಊದಿನಕಡ್ಡಿ ಹಚ್ಚುವ ಅಗತ್ಯವೇ ಬೀಳಲಿಲ್ಲ. ಫಕೀರಬಿ ಕಿಟಕಿ ತೆಗೆಯಿರಿ, ಶೇಗಡಿ ಹೊರಗಿಡಿ ಎಂದಳು. ಕಳಕಪ್ಪನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಅಜ್ಜನ ಕನಸು ಇಲ್ಲಿ ನಡೆಯಲಿಲ್ಲ. ನಿಮಗೆ ಕನಸಿನಲ್ಲಿ ಹೇಳಿರಬಹುದು, ನಮ್ಮ ಅತ್ತಿಗೆ ಹುಚ್ಚವ್ವ ಬಾಗಿಲು ತೆಗೆದು ಒಂದು ಜೀವ ಹೋದದ್ದು ಕನಸಲ್ಲ ಎಂದಳು ಅವಳು. ಹಿಂದೆ ಹೊರಸಿನ ಹಗ್ಗ ಜಗ್ಗಿತು. ಈ ಸಲ ಫಕೀರಬಿ ತಿರುಗಿ ನೋಡಿದಳು. ಎದ್ದು ಕೂರಲು ಹೋಗಿ ಆಗದೆ ಆ ಹುಡುಗಿ ವಾಲುತ್ತಿದ್ದಳು.

"ಆ ಜೀವಾ ಹುಚ್ಚವ್ವ ತಗೀಲಿಲ್ಲ," ಎಂದಳು ಫಕೀರಬಿ. ದನಿ ಅಂಗಳದಾಚೆಗೂ ಕೇಳಿತು. "ನಾ ತಗದೆ. ಹಿಂಗಽ ಎಲ್ಲಾ ಮುಚ್ಚಿ, ಹಿಂಗಽ ಬೆಂಕಿ ಇಟ್ಟು ಕೊಂದೆ. ಆಕಿ ಬಾಗಲಾ ತಗದಿದ್ದಕ್ಕ ಸಾಯಲಿಲ್ಲ ಅಮೃತವ್ವ. ಆ ಬಾಗಲಾ ತಗದಽ ಇದ್ದಿದ್ರ ಉಳೀತಿದ್ಲು."

ಅಡ್ಡ ನಿಂತವಳನ್ನು ತಳ್ಳಿ ಶೇಗಡಿಯನ್ನು ಸೆರಗಿನಿಂದ ಹಿಡಿದೆತ್ತಿ ಅಂಗಳಕ್ಕೆ ಒಯ್ದು ಸುರಿದಳು. ಅಂಗೈ ಸುಟ್ಟಿತು. ಕಳಕಪ್ಪ ಕಿಟಕಿಯ ಹಲಗೆ ಕಿತ್ತ. ಸ್ವಲ್ಪ ಹೊತ್ತಿಗೆ ಹುಡುಗಿ ಕಣ್ಣರಳಿಸಿ ನೀರು ಕೇಳಿದಳು.

ಆಮೇಲೆ ಫಕೀರಬಿ ಕೊಟ್ಟಿಗೆಯ ಮುಂದೆ ಬಂದು ನೆಲದ ಮೇಲೆ ಕೂತು ಗವಾಕ್ಷಿಯಿಂದ ಹಿಡಿದು ಗಂಡನ ಅಂಗಡಿಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಹುಚ್ಚವ್ವ ಕಣಿಕೆ ಕೈಯಲ್ಲೇ ಹಿಡಿದು ಕೇಳಿದಳು. ಎಲ್ಲ ಮುಗಿದ ಮೇಲೆ, ಇದು ಯಾವಾಗ ಗೊತ್ತಾಯಿತು ಎಂದು ಒಂದೇ ಪ್ರಶ್ನೆ ಕೇಳಿದಳು. ಹತ್ತು ವರ್ಷವಾಯಿತು ಎಂದಳು ಫಕೀರಬಿ. ಬೈಯಲಿ, ಉಗುಳಲಿ, ಕಣಿಕೆಯಿಂದ ಹೊಡೆಯಲಿ ಎಂದು ತಲೆ ತಗ್ಗಿಸಿ ಕಾದಳು.

ಹುಚ್ಚವ್ವ ತನ್ನ ಎರಡೂ ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು.

"ತಗಿ ಅಂತ ಅಮೃತಾ ನನಗ ಹೇಳಿದ್ಲು, ಮುಚ್ಚು ಅಂತ ನೀ ಹೇಳಿದಿ," ಎಂದಳು. "ನಾ ನಿನ್ನ ಮಾತು ಕೇಳಿದೆ. ಬಾಗಲಾ ಮುಚ್ಚಿದಾಕಿ ನಾನಽ ಅಲ್ಲೇನ?"

ಇದು ಫಕೀರಬಿಯ ಎಣಿಕೆಯಲ್ಲಿ ಇರಲೇ ಇಲ್ಲ. ಖರೆ ಹೇಳಿದರೆ ಇವಳ ಹೊರೆ ಇಳಿಯುತ್ತದೆ, ಅದು ತನ್ನ ಹೆಗಲಿಗೆ ಬರುತ್ತದೆ ಎಂದಷ್ಟೇ ಅವಳು ತಿಳಿದಿದ್ದಳು. ನಾನು ಬೈದೆನಲ್ಲ ಅಕ್ಕಾ, ನನ್ನ ಅಂಜಿಕೆಗೆ ಮುಚ್ಚಿದೆ ನೀನು ಎಂದು ಅಂಗಲಾಚಿದಳು. ಹುಚ್ಚವ್ವ ಕೇಳಿಸಿಕೊಳ್ಳಲಿಲ್ಲ. ನನ್ನ ಜೊತೆ ಲಕ್ಷ್ಮೇಶ್ವರಕ್ಕೆ ಬಾ, ಗೋಣೆಪ್ಪನ ಮುಂದೆ ನಿಂತು ಎಲ್ಲ ಹೇಳುತ್ತೇನೆ, ಅಮೃತವ್ವನ ಹುಡುಗಿಯನ್ನು ನೋಡುವೆಯಂತೆ ಎಂದು ಕರೆದಳು. ಹುಡುಗಿ ಎಂದಾಗ ಮಾತ್ರ ಹುಚ್ಚವ್ವನ ಕಣ್ಣು ತುಂಬಿ ಬಂತು.

"ನೀನಽ ಹೋಗಿ ಹೇಳು. ಪೂರಾ ಹೇಳು. ನಾ ಮುಚ್ಚಿದ್ನಲ್ಲಾ, ಅದನ್ನೂ ಹೇಳು."

ಮರುದಿನ ಬೆಳಿಗ್ಗೆ ಫಕೀರಬಿ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಗೋಣೆಪ್ಪನ ಮನೆಗೆ ಹೋದಳು. ಸುಟ್ಟ ಕೈಗೆ ಅರಿವೆ ಸುತ್ತಿಕೊಂಡಿದ್ದಳು. ಪಡಸಾಲೆಯಲ್ಲಿ ನಿಂತು, ಮೊದಲ ಸಲ ಆ ಕೋಣೆಯನ್ನು ಹೊಗಳಿದ ದಿನದಿಂದ ಶುರುಮಾಡಿ ಹೇಳಿದಳು. ಬಾಗಿಲು ತಿರುಗಿ ಮುಚ್ಚಿದ ಕೈ ಯಾರದೆಂಬ ಒಂದು ಮಾತನ್ನು ಮಾತ್ರ ದಾಟಿ ಹೋದಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು, ಬೇಕೆಂದೇ ದನಿ ಏರಿಸಿದಳು. ಗೋಣೆಪ್ಪ ಎರಡು ಕೈಯಲ್ಲಿ ತಲೆ ಹಿಡಿದು ಕೇಳಿದ. ಮುಗಿದ ಮೇಲೆ ಅವಳನ್ನು ಕಣ್ಣೆತ್ತಿ ನೋಡದೆ ಎದ್ದು ಒಳಗೆ ಹೋದ. ಇನ್ನು ಈ ಊರಲ್ಲಿ ಯಾರೂ ತನ್ನನ್ನು ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಕಂಬಕ್ಕೆ ಆತು ನಿಂತಿದ್ದ ಉಡಚವ್ವ ಮಾತ್ರ ಉಳಿದಳು. ಹನ್ನೊಂದು ತುಂಬಿದ ಹುಡುಗಿ, ಮುಖವೆಲ್ಲ ತಾಯಿಯದು. ಅವಳು ಎರಡು ಹೆಜ್ಜೆ ಮುಂದೆ ಬಂದಳು.

"ಆಯಿ, ದೊಡ್ಡವ್ವ ಬಾಗಲಾ ಯಾಕ ತಗದಿದ್ಲು?"

"ನಿಮ್ಮವ್ವ ಉಸರಾಡಲಿ ಅಂತ ತಗದಿದ್ಲು ಯವ್ವಾ."

ಹುಡುಗಿ ಆ ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದಳು.

"ಹಂಗಾದ್ರ ತಿರಗಿ ಮುಚ್ಚಿದವರು ಯಾರು?"

ಪೂರ್ತಿ ಹೇಳು ಎಂದಿದ್ದಳು ಹುಚ್ಚವ್ವ. ಫಕೀರಬಿ ಆ ಮುಖವನ್ನು ನೋಡಿದಳು.

"ನಾನಽ," ಎಂದಳು. "ನಾನಽ ಮುಚ್ಚಿದೆ."